ಗಾಳಿಗೆದುರು ಏರುವಾಗ ದೋಣಿ ಹಿಂದೆ ಬೀಳುತ್ತಿದೆ, ಹಾಯಿಯಲ್ಲಿ ಏನು ತಿದ್ದಬೇಕು?

ಹೊಸಹಾಯಿ:
14 ಅಡಿ ದೋಣಿ. ಮೇನ್ (ಹಿಂದಿನ ದೊಡ್ಡ ಹಾಯಿ), ಜಿಬ್ (ಮುಂದಿನ ಚಿಕ್ಕ ಹಾಯಿ) ಎರಡೇ ಹಾಯಿ, ಕೂರುವುದು ಇಬ್ಬರು. ಗಾಳಿ ಪಕ್ಕದಿಂದ ಬಂದರೆ ಚೆನ್ನಾಗಿ ಓಡುತ್ತದೆ. 8–10 ನಾಟ್ (ಗಂಟೆಗೆ ಸುಮಾರು 15–18 ಕಿ.ಮೀ.) ಗಾಳಿಗೆ ಎದುರಾಗಿ ಓರೆ ಹಿಡಿದಾಗ ಮಾತ್ರ ಇದೇ ಮಾದರಿಯ ದೋಣಿಗಳೆಲ್ಲ ಮುಂದೆ ಹೋಗುತ್ತವೆ, ನಾವು ಪಕ್ಕಕ್ಕೆ ಜಾರುತ್ತೇವೆ. ಮೇನ್‌ಶೀಟ್ (ಮೇನ್ ಎಳೆಯುವ ಹಗ್ಗ) ಆದಷ್ಟು ಬಿಗಿ ಎಳೆದಿರುತ್ತೇನೆ. ಟಿಲ್ಲರ್ (ಚುಕ್ಕಾಣಿಯ ಹಿಡಿ) ಸದಾ ನನ್ನ ಕಡೆಗೆ ಎಳೆದು ಹಿಡಿಯಬೇಕು. ನಿಧಾನವಾಗಿ ಗಾಳಿಯ ಕಡೆ ತಿರುಗಿಸಿದರೆ ಜಿಬ್‌ನ ಒಳಬದಿಯ, ಅಂದರೆ ಗಾಳಿಬದಿಯ, ಮೇಲಿನ ದಾರ (ಗಾಳಿಯ ಹರಿವು ತೋರಲು ಹಾಯಿಗೆ ಅಂಟಿಸಿದ ಎಳೆ) ಮೊದಲು ಕುಣಿಯುತ್ತದೆ, ಕೆಳಗಿನದು ಆಮೇಲೆ. ಸೆಂಟರ್‌ಬೋರ್ಡ್ (ದೋಣಿ ಪಕ್ಕಕ್ಕೆ ಜಾರದಂತೆ ನೀರಿಗೆ ಇಳಿಸುವ ಹಲಗೆ) ಪೂರ್ತಿ ಇಳಿಸಿದೆ. ಎಲ್ಲಿಂದ ಶುರು ಮಾಡಲಿ?

ಓರೆಗಾಳಿ:
ಜಿಬ್‌ನಿಂದ. ಮೇನ್‌ಗೆ ಸಿಗುವುದು ಜಿಬ್ ದಾಟಿ ಬಂದ ಗಾಳಿ, ಹಾಗಾಗಿ ಮುಂದಿನದು ಸರಿಯಿಲ್ಲದೆ ಹಿಂದಿನದನ್ನು ತಿದ್ದಿ ಪ್ರಯೋಜನವಿಲ್ಲ.

ಮೇಲಿನ ದಾರ ಮೊದಲು ಕುಣಿಯುತ್ತದೆ ಎಂದರೆ ಜಿಬ್‌ನ ಮೇಲ್ಭಾಗ ಹೆಚ್ಚು ತಿರುಚಿಕೊಂಡಿದೆ. ಜಿಬ್‌ಶೀಟ್ (ಜಿಬ್ ಎಳೆಯುವ ಹಗ್ಗ) ಹಾಯುವ ಲೀಡ್ (ಹಿಂದೆ ಮುಂದೆ ಸರಿಸಬಹುದಾದ ಕೊಂಡಿ) ತೀರಾ ಹಿಂದಿರುವುದರಿಂದ ಶೀಟ್ ಹಾಯಿಯ ಕೆಳ ಅಂಚನ್ನೇ ಎಳೆಯುತ್ತಿದೆ, ಹಿಂದಿನ ಅಂಚು ಸಡಿಲ ಉಳಿದಿದೆ. ಲೀಡನ್ನು ಒಂದೊಂದೇ ತೂತು ಮುಂದೆ ಸರಿಸಿ ನೋಡಿ. ಮೇಲೆ, ನಡುವೆ, ಕೆಳಗೆ ಮೂರೂ ದಾರ ಒಟ್ಟಿಗೆ ಕುಣಿದಾಗ ನಿಲ್ಲಿಸಿ, ಪೆನ್ಸಿಲ್ ಗುರುತು ಹಾಕಿ. ಎರಡೂ ಬದಿಯ ಲೀಡ್ ಒಂದೇ ಅಳತೆಯಲ್ಲಿರಲಿ. ಕೆಳಗಿನದು ಮೊದಲು ಕುಣಿಯತೊಡಗಿದರೆ ಮುಂದೆ ಹೆಚ್ಚಾಯಿತು, ಹಿಂದಕ್ಕೆ ತನ್ನಿ.

ಆಮೇಲೆ ಚುಕ್ಕಾಣಿಯನ್ನು ದಾರ ನೋಡಿ ಹಿಡಿಯಿರಿ. ಗಾಳಿಬದಿಯ ದಾರ ಕುಣಿದರೆ ತುಂಬ ಎದುರು ಹೋಗಿದ್ದೀರಿ, ಮೂತಿಯನ್ನು ಗಾಳಿಯಿಂದ ಸ್ವಲ್ಪ ಬಿಡಿಸಿಕೊಳ್ಳಿ. ಆಚೆ ಬದಿಯದು ಕುಣಿದರೆ ಹೆಚ್ಚು ಬಿಡಿಸಿಕೊಂಡಿದ್ದೀರಿ, ಎದುರು ತಿರುಗಿಸಿ. ಆಚೆ ಬದಿಯದು ಕುಣಿಯುವುದೇ ಹೆಚ್ಚು ನಷ್ಟ, ಏಕೆಂದರೆ ಅಲ್ಲಿ ಗಾಳಿ ಹಾಯಿಯಿಂದ ಕಳಚಿಕೊಂಡಿರುತ್ತದೆ. ದೋಣಿ ವಾಲುತ್ತದೆ, ಮುಂದೆ ಹೋಗುವುದಿಲ್ಲ.

ಬೂಮ್‌ಕೆಳಗೆ:
ಜಿಬ್ ವಿಷಯ ಸರಿ. ಆದರೆ ಟಿಲ್ಲರ್ ಎಳೆತಕ್ಕೆ ದೊಡ್ಡ ಕಾರಣ ಮೇನ್ ಇರಬೇಕು. ಶೀಟ್ ಅತಿ ಬಿಗಿ ಮಾಡಿದರೆ ಮೇನ್‌ನ ಹಿಂದಿನ ಅಂಚು ಗಾಳಿಯ ಕಡೆಗೆ ಕೊಕ್ಕೆಯಂತೆ ಬಾಗಿ ದೋಣಿಯ ಹಿಂಭಾಗವನ್ನು ಆಚೆ ತಳ್ಳುತ್ತದೆ, ಮೂತಿ ಗಾಳಿಯ ಕಡೆ ತಿರುಗಲು ನೋಡುತ್ತದೆ. ಅದನ್ನು ತಡೆಯಲು ರಡ್ಡರ್ (ನೀರಿನೊಳಗಿನ ಚುಕ್ಕಾಣಿ ಹಲಗೆ) ಓರೆ ಹಿಡಿದಷ್ಟೂ ನೀರಿನಲ್ಲಿ ಬ್ರೇಕ್ ಹಾಕಿದಂತೆ. 3–4 ಡಿಗ್ರಿ ಎಳೆತ ಒಳ್ಳೆಯದೇ, 10 ಡಿಗ್ರಿ ಬೇಡ.

ಬೂಮ್ (ಮೇನ್‌ನ ಕೆಳ ಅಂಚಿನ ಅಡ್ಡಗಳು) ಕೆಳಗೆ ತಲೆ ಇಟ್ಟು ಮೇಲೆ ನೋಡಿ. ಎಲ್ಲಕ್ಕಿಂತ ಮೇಲಿನ ಬ್ಯಾಟನ್‌ನ (ಹಾಯಿಯೊಳಗೆ ತೂರಿಸಿದ ಪಟ್ಟಿಯ) ಹಿಂತುದಿ ಬೂಮ್‌ಗೆ ಸಮಾನಾಂತರವಾಗಿರಬೇಕು. ಗಾಳಿಯ ಕಡೆಗೆ ಬಾಗಿದ್ದರೆ ಶೀಟ್ ಬಿಡಿ, ಒಮ್ಮೆಗೆ ನಾಲ್ಕು ಬೆರಳಷ್ಟು ಸಾಕು. ಆ ಬ್ಯಾಟನ್ ತುದಿಗೆ 15 ಸೆಂ.ಮೀ. ಉಣ್ಣೆ ದಾರ ಹೊಲಿಯಿರಿ. ಅದು ಅರ್ಧಕ್ಕಿಂತ ಹೆಚ್ಚು ಹೊತ್ತು ನೇರ ಹಿಂದಕ್ಕೆ ಹಾರುತ್ತ, ಆಗಾಗ ಹಾಯಿಯ ಹಿಂದೆ ಅಡಗಿದರೆ ಟ್ರಿಮ್ (ಹಾಯಿಯ ಹೊಂದಿಕೆ) ಸರಿ. ಅಡಗಿಯೇ ಇದ್ದರೆ ಶೀಟ್ ಇನ್ನೂ ಅತಿ ಬಿಗಿಯಿದೆ, ಮತ್ತಷ್ಟು ಬಿಡಿ.

ಪಕ್ಕಕ್ಕೆ ಜಾರುವುದಕ್ಕೂ ಮದ್ದು ಇದೇ. ಸೆಂಟರ್‌ಬೋರ್ಡ್ ನೀರನ್ನು ಹಿಡಿಯಬೇಕಾದರೆ ವೇಗ ಬೇಕು. ಪ್ರತಿ ಸಲ ದಿಕ್ಕು ಬದಲಿಸಿದ ಮೇಲೆ ಶೀಟ್ ಒಂದಿಷ್ಟು ಸಡಿಲ ಇಟ್ಟು, ಮೂತಿಯನ್ನು ಗಾಳಿಯಿಂದ ಕೊಂಚ ಬಿಡಿಸಿ, ಓಟ ಬಂದಮೇಲೆ ಎಳೆದುಕೊಳ್ಳುತ್ತ ಎದುರಿಗೆ ತನ್ನಿ.

ಹೊಸಹಾಯಿ:
ಬ್ಯಾಟನ್ ನಿಜವಾಗಿಯೂ ಗಾಳಿಯ ಕಡೆಗೇ ಬಾಗಿತ್ತು! ಶೀಟ್ ಬಿಟ್ಟು, ಲೀಡ್ ಎರಡು ತೂತು ಮುಂದೆ ತಂದೆವು. ಟಿಲ್ಲರ್ ಹಗುರವಾಯಿತು. ಈಗ 12 ನಾಟ್ ಮೇಲಿನ ಬೀಸು ಬಂದಾಗ ದೋಣಿ ವಾಲುತ್ತದೆ. ಶೀಟ್ ಬಿಟ್ಟರೆ ಬೂಮ್ ಮೇಲೆದ್ದು ಹಾಯಿ ಹೊಟ್ಟೆ ಉಬ್ಬುತ್ತದೆ.

ಬೂಮ್‌ಕೆಳಗೆ:
ವ್ಯಾಂಗ್ (ಬೂಮ್ ಮೇಲೇಳದಂತೆ ಕೆಳಕ್ಕೆ ಎಳೆದು ಹಿಡಿಯುವ ಹಗ್ಗ) ಸಡಿಲವಿದೆ. ಶೀಟ್ ಬಿಗಿ ಇರುವಾಗಲೇ ವ್ಯಾಂಗ್‌ನ ಸಡಿಲ ಎಳೆದುಕೊಂಡು, ಅದರ ಮೇಲೆ ಇನ್ನಷ್ಟು ಬಿಗಿ ಮಾಡಿ. ಆಗ ಶೀಟ್ ಬಿಟ್ಟರೂ ಬೂಮ್ ಮೇಲೇಳದೆ ಪಕ್ಕಕ್ಕಷ್ಟೇ ಹೋಗುತ್ತದೆ, ಮಾಸ್ಟ್ (ಹಾಯಿಯ ಕಂಬ) ಬಾಗಿ ಹಾಯಿ ಚಪ್ಪಟೆಯಾಗುತ್ತದೆ. ಔಟ್‌ಹಾಲ್ (ಹಾಯಿಯ ಹಿಂದಿನ ಕೆಳಮೂಲೆಯನ್ನು ಬೂಮ್ ತುದಿಗೆ ಎಳೆಯುವ ಹಗ್ಗ) ಪೂರ್ತಿ ಎಳೆಯಿರಿ. ಕನಿಂಗ್‌ಹ್ಯಾಮ್ (ಮೇನ್‌ನ ಮುಂದಿನ ಅಂಚನ್ನು ಕೆಳಕ್ಕೆ ಎಳೆಯುವ ಹಗ್ಗ) ಎಳೆದರೆ ಹಿಂದೆ ಸರಿದ ಉಬ್ಬು ಮತ್ತೆ ಮುಂದಕ್ಕೆ ಬರುತ್ತದೆ, ಮೇಲ್ಭಾಗದ ಹಿಂದಿನ ಅಂಚು ತೆರೆದುಕೊಂಡು ವಾಲುವುದು ಕಡಿಮೆಯಾಗುತ್ತದೆ. ಬೀಸು ನೀರಿನ ಮೇಲೆ ಕಪ್ಪಾಗಿ ಬರುವುದು ಕಾಣುತ್ತದೆ. ಅದು ತಟ್ಟುವಾಗಲೇ ಇಬ್ಬರೂ ಹೊರಗೆ ಬಾಗಿ ಶೀಟ್ ಬಿಡಿ. ವಾಲಿದಮೇಲೆ ಬಿಟ್ಟರೆ ತಡ.

ಓರೆಗಾಳಿ:
ಒಂದು ಎಚ್ಚರಿಕೆ. ಗಾಳಿ 5 ನಾಟ್‌ಗೆ ಇಳಿದರೆ ಇದನ್ನೆಲ್ಲ ಬಿಡಿಸಿ. ವ್ಯಾಂಗ್ ಬಿಗಿ ಉಳಿದರೆ ಹಿಂದಿನ ಅಂಚು ಮುಚ್ಚಿ ಹಾಯಿ ಉಸಿರಾಡುವುದೇ ಇಲ್ಲ. ಕನಿಂಗ್‌ಹ್ಯಾಮ್ ಪೂರ್ತಿ ಸಡಿಲ. ಮುಂದಿನ ಅಂಚಿನಲ್ಲಿ ಸಣ್ಣ ಸುಕ್ಕು ಕಂಡರೆ ಚಿಂತೆಯಿಲ್ಲ. ಒಬ್ಬರು ಗಾಳಿಯ ಆಚೆ ಬದಿಗೆ ಕೂತು ದೋಣಿಯನ್ನು ತುಸು ವಾಲಿಸಿದರೆ ಹಾಯಿ ತನ್ನ ಭಾರಕ್ಕೇ ಆಕಾರ ಹಿಡಿಯುತ್ತದೆ.