ಮುಂದಿನ ಶಾಕಪ್ ಸೀಲ್ ಹಾಕ್ಸಿ ಎರಡೇ ತಿಂಗಳು, ಮತ್ತೆ ಸೋರ್ತಿದೆ, ಏನ್ ಮಾಡ್ಲಿ?

ನಮಸ್ಕಾರ ಎಲ್ರಿಗೂ. ನಂದು 2016ರ 150 ಸಿಸಿ ಬೈಕು, 62 ಸಾವಿರ ಓಡಿದೆ, ದಿನಾ ತೀರ್ಥಹಳ್ಳಿ ಶಿವಮೊಗ್ಗ ಓಡಾಟ. ಎಡಗಡೆ ಮುಂದಿನ ಶಾಕಪ್ ಸೋರ್ತಿತ್ತು ಅಂತ ಸೀಲ್ (ಆಯಿಲ್ ತಡೆಯೋ ರಬ್ಬರ್ ರಿಂಗ್) ಹಾಕ್ಸಿದೆ, ಈಗ ಮತ್ತೆ ಅದೇ ಕಥೆ, ಹಂಪ್ ಇಳಿದ್ರೆ ಟಕ್ ಅನ್ನತ್ತೆ. ಗ್ಯಾರೇಜಲ್ಲಿ ಫುಲ್ ಸೆಟ್ಟೇ ಹಾಕ್ಸಿ ಅಂತಿದಾರೆ. ಅನುಭವ ಇರೋರು ಹೇಳಿ.

—

ಗುರೂ ನಂಗೂ ಸೇಮ್ ಆಗಿತ್ತು, ಮೂರು ಸಲ ಸೀಲ್‌ಗೆ ದುಡ್ಡು ಹಾಕಿದ್ಮೇಲೆ ಬುದ್ಧಿ ಬಂತು. ತಪ್ಪು ಸೀಲ್‌ದಲ್ಲ, ಪೈಪ್‌ದು. ಮಲೆನಾಡಲ್ಲಿ ನಾಲ್ಕು ತಿಂಗಳು ಮಳೇಲಿ ನೆನೆದು ಶಾಕಪ್ ಒಳಗೆ ಜಾರೋ ಆ ಪೈಪಿನ ಕ್ರೋಮ್ ಮೇಲೆ ಸಾಸಿವೆಗಿಂತ ಸಣ್ಣ ತುಕ್ಕಿನ ಚುಕ್ಕೆ ಏಳತ್ತೆ, ಶಾಕಪ್ ಮೇಲೆ ಕೆಳಗೆ ಆಡಿದಾಗೆಲ್ಲ ಅದು ಸೀಲ್‌ನ ತುಟಿನ ಕೊಯ್ತಾ ಇರತ್ತೆ, ಕಣ್ಣಿಗೆ ಏನೂ ಕಾಣಲ್ಲ. ಪೈಪ್ ಚೆನ್ನಾಗಿ ಒರೆಸಿ, ಹತ್ತಿ ತಗೊಂಡು ಸುತ್ತ ಮೆತ್ತಗೆ ಸವರಿ ನೋಡಿ, ಚುಕ್ಕೆ ಇರೋ ಕಡೆ ಎಳೆ ಸಿಕ್ಕಾಕೊಳತ್ತೆ. ನಂದ್ರಲ್ಲಿ ಸೀಲ್ ಮೇಲೆ ಧೂಳು ತಡೆಯೋ ಡಸ್ಟ್ ಕ್ಯಾಪ್‌ನಿಂದ ಎರಡು ಬೆರಳು ಮೇಲೆ, ಟೈರ್ ಕಡೆ ಮುಖ ಮಾಡಿ ಕೂತಿತ್ತು ಕಳ್ಳ. ಬರೀ ಅಂಚು ಎದ್ದಿದ್ರೆ 2000 ನಂಬರ್ ವಾಟರ್ ಪೇಪರ್‌ಗೆ ಎಣ್ಣೆ ಹಚ್ಚಿ ಹಗುರವಾಗಿ ಉಜ್ಜಿದ್ರೆ ಸಾಕು, ಗುಳಿ ಬಿದ್ದಿದ್ರೆ ಅದು ಪೇಪರಿಗೆ ಹೋಗಲ್ಲ, ಹಾರ್ಡ್ ಕ್ರೋಮ್ (ಗಟ್ಟಿ ಕ್ರೋಮ್ ಲೇಪನ) ಮಾಡಿಸ್ಬೇಕು ಇಲ್ಲಾ ಪೈಪೇ ಹೊಸದು. ಬೆಂಗಳೂರಿಗೆ ಬಂದ್ರೆ ಜೆಸಿ ರೋಡ್ ಸ್ಪೇರ್ ಪಾರ್ಟ್ಸ್ ಅಂಗಡೀಲಿ ಬರೀ ಪೈಪ್ ವಿಚಾರಿಸಿ, ಫುಲ್ ಸೆಟ್ ಯಾಕೆ ಸುಮ್ನೆ.

—

ಅಲ್ರೀ, ಬಿಚ್ಚೂದ್ಕಿಂತ ಮೊದ್ಲ ಒಂದ್ ಕೆಲಸ ಮಾಡ್ರಿ. ಮನ್ಯಾಗ ಹಳೇ ಎಕ್ಸ್‌ರೇ ಇದ್ದ ಇರ್ತದ, ಅದನ್ನ ಬೆರಳಿನಷ್ಟ ಅಗಲ ಕತ್ತರಿಸಿ ತುದಿಗೆ ಸಣ್ಣ ಕೊಕ್ಕಿ ಮಾಡ್ರಿ, ಡಸ್ಟ್ ಕ್ಯಾಪ್ ಮ್ಯಾಲ ಎತ್ತಿ, ಪೈಪಿಗೂ ಸೀಲಿಗೂ ನಡುವ ತೂರ್ಸಿ ಒಂದ್ ಸುತ್ತ ತಿರುಗ್ಸಿ ಎಳೀರಿ. ನಮ್ ಕಡೆ ಎರಿ ಮಣ್ಣ ನೋಡ್ರಿ, ನಂದ್ರಾಗ ಉಗುರಿನಷ್ಟ ಕರೀ ಕೆಸರು ಬಂತು, ಸೋರೂದ ನಿಂತ್ ಹೋತು, ರೂಪಾಯಿ ಖರ್ಚಿಲ್ಲ. ಎಲ್ಲಾರಿಗೂ ಆಗ್ತದ ಅನ್ನಂಗಿಲ್ಲ ಮತ್ತ.

—

ಎಲ್ಲಕ್ಕಿಂತ ಮೊದಲು ಡಿಸ್ಕ್ ಬ್ರೇಕ್ ಯಾವ ಕಡೆ ಇದೆ ನೋಡಿ ಸರ್, ಸೋರೋ ಕಡೇನೇ ಇದ್ರೆ ಗಾಡಿ ನಿಲ್ಸಿ, ಆಯಿಲ್ ಪ್ಯಾಡಿಗೆ ಇಳಿದ್ರೆ ಬ್ರೇಕ್ ಹಿಡಿಯಲ್ಲ, ಆ ಪ್ಯಾಡ್ ತೊಳೆದು ವಾಪಸ್ ಹಾಕೋಕೆ ಹೋಗ್ಬೇಡಿ, ಬದಲಾಯಿಸಿ.

ಇನ್ನು ಸೀಲ್ ಹಾಕುವಾಗ ಪಕ್ಕದಲ್ಲೇ ನಿಂತ್ಕೊಳ್ಳಿ. ಪೈಪಿನ ತುದಿ ಚೂಪಾಗಿರತ್ತೆ, ಅದಕ್ಕೆ ತೆಳು ಪ್ಲಾಸ್ಟಿಕ್ ಕವರ್ ಸುತ್ತಿ ಎಣ್ಣೆ ಸವರಿ ಸೀಲ್ ಇಳಿಸ್ಬೇಕು, ಹಂಗೇ ತಳ್ಳಿದ್ರೆ ತುಟಿ ಅಲ್ಲೇ ಕುಯ್ದೋಗತ್ತೆ. ನಂದಕ್ಕೆ ಒಬ್ಬರು ಸ್ಕ್ರೂಡ್ರೈವರಲ್ಲಿ ಕುಟ್ಟಿ ಕುಟ್ಟಿ ಕೂರಿಸಿದ್ರು, ವಾರಕ್ಕೇ ಲೀಕು. ಅಳತೆಗೆ ಸರಿಯಾದ ಪಿವಿಸಿ ಪೈಪ್ ತುಂಡಿಟ್ಟು ಸಮನಾಗಿ ಬಡೀಬೇಕು. ಆಯಿಲ್ ಕೂಡ ಅಷ್ಟೇ, ಹಳೇದು ಎಷ್ಟು ಬಂತೋ ಅಷ್ಟೇ ಹಾಕ್ತೀನಿ ಅಂತಾರೆ, ಅದಾಗಲೇ ಅರ್ಧ ಸೋರಿ ಹೋಗಿದೆಯಲ್ಲಪ್ಪಾ! ಮ್ಯಾನ್ಯುಯಲ್ ನೋಡಿ ಮಿಲಿ ಲೆಕ್ಕದಲ್ಲಿ ಹಾಕ್ಸಿ, ಉಳಿದ ಇಂಜಿನ್ ಆಯಿಲ್ ಸುರಿಯೋಕೆ ಬಿಡ್ಬೇಡಿ. ನಿಮ್ಮ ಟಕ್ ಶಬ್ದ ಆಯಿಲ್ ಕಮ್ಮಿ ಆಗಿದ್ದಕ್ಕೇ ಇರಬಹುದು, ಆದ್ರೂ ಸೆಂಟರ್ ಸ್ಟ್ಯಾಂಡ್ ಹಾಕಿ ಮುಂದಿನ ಚಕ್ರ ಎತ್ತಿಸಿ ಫೋರ್ಕ್ (ಮುಂದಿನ ಎರಡೂ ಶಾಕಪ್) ಹಿಂದೆ ಮುಂದೆ ಅಲ್ಲಾಡಿಸಿ, ಸಡಿಲ ಆಡಿದ್ರೆ ಕೋನ್ ಸೆಟ್ (ಹ್ಯಾಂಡಲ್ ತಿರುಗೋ ಜಾಗದ ಬೇರಿಂಗ್) ಲೂಸ್ ಅಂತ.

—

ನಂದು ಹಿಂದಿನ ಶಾಕ್ ಕಥೆ, ಲೀಕು ಅಂತ ಗಾಬರಿಯಾಗಿ ಹೋದೆ, ನೋಡಿದ್ರೆ ಚೈನ್ ಲೂಬ್ ಹಾರಿ ಅಂಟಿದ್ದು 😀 ಒರೆಸಿ 50 ಕಿಮೀ ಓಡಿಸಿ ನೋಡಿ ಮೊದ್ಲು.

—

ಎಲ್ರಿಗೂ ಥ್ಯಾಂಕ್ಸ್. ಡಿಸ್ಕ್ ಬಲಗಡೆ, ಬಚಾವ್. ಎಕ್ಸ್‌ರೇ ಟ್ರೈ ಮಾಡ್ದೆ, ಸ್ವಲ್ಪ ಮಣ್ಣು ಬಂತು, ಮರುದಿನ ಮತ್ತೆ ಎಣ್ಣೆ ಉಂಗುರ. ಹತ್ತಿ ಸವರಿದ್ರೆ ಒಂದಲ್ಲ ಮೂರು ಕಡೆ ಸಿಕ್ಕಾಕೊಂಡ್ತು, ಉಗುರಿಗೂ ಗುಳಿ ಗೊತ್ತಾಗತ್ತೆ. ಪೈಪ್ ಎಡಗಡೆ ಒಂದೇ ಹಾಕ್ಸಿದ್ರೆ ನಡೆಯತ್ತಾ?

—

ಬಲಗಡೆದು ನೆಟ್ಟಗಿದ್ದು ಚುಕ್ಕೆ ಇಲ್ದಿದ್ರೆ ಪೈಪ್ ಒಂದೇ ಸಾಕು ಗುರೂ. ಸೀಲು, ಆಯಿಲು ಮಾತ್ರ ಎರಡೂ ಕಡೆ ಒಟ್ಟಿಗೆ ಹಾಕ್ಸಿಬಿಡಿ.