ನಿದ್ದೆ ಮಾತ್ರೆ ಇಳಿಸುತ್ತಿದ್ದೇನೆ, ನಡುವೆ ಆಂಟಿಬಯಾಟಿಕ್ ತಗೊಂಡೆ, ಈಗ ಎಲ್ಲಾ ವಾಪಸ್ ಬಂದ ಹಾಗಿದೆ

ಹಾಸನದ_ಟೀಚರ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನನಗೆ 51 ವರ್ಷ, ಪ್ರೈಮರಿ ಶಾಲೆ ಟೀಚರ್. 2021ರ ಮೇ ತಿಂಗಳಲ್ಲಿ ಕೋವಿಡ್ ಬಂದು ನಮ್ಮ ಯಜಮಾನರು ಹೋದರು. ಆಮೇಲೆ ನಿದ್ದೆ ಅನ್ನೋದೇ ಇಲ್ಲ. ಒಬ್ಬರು ಡಾಕ್ಟರು ಆಲ್ಪ್ರಜೋಲಾಮ್ 0.25 ಬರೆದುಕೊಟ್ಟು "ಹದಿನೈದು ದಿನ ತಗೊಳ್ಳಿ" ಅಂದರು. ಆ ಹದಿನೈದು ದಿನ ನಾಲ್ಕು ವರ್ಷ ಆಯಿತು. 0.25 ಹೋಗಿ 0.5 ಆಯಿತು, ಆಮೇಲೆ ಬೆಳಿಗ್ಗೆ ಒಂದು, ರಾತ್ರಿ ಒಂದು. ಅದೇ ಹಳೇ ಚೀಟಿ ತೋರಿಸಿದರೆ ಅಂಗಡಿಯಲ್ಲಿ ಕೊಡುತ್ತಿದ್ದರು. ಒಂದು ದಿನ ಹಾಜರಿ ಕರೆಯುವಾಗ, ಮೂರು ವರ್ಷದಿಂದ ನೋಡುತ್ತಿರುವ ಮಗುವಿನ ಹೆಸರೇ ಬಾಯಿಗೆ ಬರಲಿಲ್ಲ. ಮಗು ಎದ್ದು ನಿಂತು ನನ್ನನ್ನೇ ನೋಡುತ್ತಿತ್ತು.

ಆ ಯುಗಾದಿ ರಜೆಯಲ್ಲಿ ಒಂದೇ ಸಲ ನಿಲ್ಲಿಸಿಬಿಟ್ಟೆ. ಹಾಗೆ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು ಅಂತ ನನಗೆ ಯಾರೂ ಹೇಳಿರಲಿಲ್ಲ. ಮೂರನೇ ದಿನ ಕೈ ನಡುಗಿ ಕಾಫಿ ಲೋಟ ಹಿಡಿಯೋಕೆ ಆಗಲಿಲ್ಲ. ಮಗಳು ಆಸ್ಪತ್ರೆಗೆ ಕರೆದುಕೊಂಡು ಹೋದಳು, ಅಲ್ಲಿಂದ ಮನೋವೈದ್ಯರ ಹತ್ತಿರ. ಅವರು ಕ್ಲೋನಾಜೆಪಾಮ್‌ಗೆ ಬದಲಾಯಿಸಿದರು. ಇದು ಮೈಯಲ್ಲಿ ಜಾಸ್ತಿ ಹೊತ್ತು ಇರುತ್ತದೆ, ನಿಧಾನಕ್ಕೆ ಇಳಿಸೋಣ ಅಂದರು. 1 ಮಿ.ಗ್ರಾಂ.ನಿಂದ ಶುರು ಮಾಡಿ ಹನ್ನೊಂದು ತಿಂಗಳಲ್ಲಿ 0.375ಕ್ಕೆ ಬಂದಿದ್ದೇನೆ. ಅಂದರೆ 0.25ರದ್ದು ಒಂದೂವರೆ ಮಾತ್ರೆ. ಸ್ಟೀಲ್ ತಟ್ಟೆ ಮೇಲೆ ಇಟ್ಟು ಹೊಸ ಬ್ಲೇಡಿನಲ್ಲಿ ಕತ್ತರಿಸುತ್ತೇನೆ. ಸಿಡಿದ ಪುಡಿಯನ್ನೂ ಒದ್ದೆ ಬೆರಳಿಗೆ ಅಂಟಿಸಿಕೊಂಡು ನಾಲಿಗೆಗೆ ಹಾಕಿಕೊಳ್ಳುತ್ತೇನೆ. ಅಷ್ಟು ಜೋಪಾನ.

ಇದರ ಜೊತೆ ಥೈರಾಕ್ಸಿನ್ 75, ಬಿಪಿಗೆ ಆಮ್ಲೋಡಿಪಿನ್ 5, ಖಿನ್ನತೆಗೆ ಕೊಡುವ ಎಸಿಟಾಲೋಪ್ರಾಮ್ 10 ಇದೆ.

ಹೋದ ವಾರ ಉರಿಮೂತ್ರ ಶುರುವಾಯಿತು. ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ಸಿಪ್ರೊಫ್ಲಾಕ್ಸಾಸಿನ್ 500 ದಿನಕ್ಕೆ ಎರಡು, ಸೊಂಟನೋವಿಗೆ ಡೈಕ್ಲೊಫೆನಾಕ್ ಕೊಟ್ಟರು. ಬೇರೆ ಏನು ಮಾತ್ರೆ ತಗೋತೀರಿ ಅಂತ ಕೇಳಿದರು. ಬಿಪಿ, ಥೈರಾಯ್ಡ್ ಅಂದೆ. ಕ್ಲೋನಾಜೆಪಾಮ್ ವಿಷಯ ಹೇಳಲಿಲ್ಲ. ಅಲ್ಲಿ ನಮ್ಮ ಶಾಲೆ ಮಕ್ಕಳ ಅಮ್ಮಂದಿರು ಇಬ್ಬರು ಕೂತಿದ್ದರು, ನಾಚಿಕೆ ಆಯಿತು.

ಎರಡನೇ ರಾತ್ರಿಯಿಂದ ಮೈಯೊಳಗೆ ಇರುವೆ ಹರಿದ ಹಾಗೆ. ಎದೆ ಡವಡವ. ಫ್ರಿಜ್ ಸದ್ದು ತಲೆಯೊಳಗೇ ಬರುತ್ತಿದೆ ಅನ್ನಿಸಿತು. ಬೆಳಿಗ್ಗೆ ಪಕ್ಕದ ಮನೆ ಕುಕ್ಕರ್ ಸೀಟಿ ಹೊಡೆದಿದ್ದಕ್ಕೆ ಕೂತು ಅತ್ತಿದ್ದೇನೆ. ಐದು ದಿನದ ಕೋರ್ಸ್ ನಿನ್ನೆ ಮುಗಿಯಿತು, ಉರಿ ಹೋಗಿದೆ. ಮೈ ಮಾತ್ರ ಹಾಗೇ ಇದೆ.

ಇದು ಆ ಆಂಟಿಬಯಾಟಿಕ್‌ನಿಂದ ಆಗಿದ್ದಾ? ಹನ್ನೊಂದು ತಿಂಗಳ ಕಷ್ಟ ನೀರಲ್ಲಿ ಹೋಯಿತಾ? ಮತ್ತೆ 0.5ಕ್ಕೆ ಹೋಗಬೇಕಾ?

ಔಷಧಿ_ಅಂಗಡಿ_22ವರ್ಷ

ಮೇಡಂ, ನಾನು ಫಾರ್ಮಸಿಸ್ಟ್, ಡಾಕ್ಟರ್ ಅಲ್ಲ. ಡೋಸ್ ಬಗ್ಗೆ ನಿಮ್ಮ ಮನೋವೈದ್ಯರನ್ನೇ ಕೇಳಿ, ಇವತ್ತೇ ಕೇಳಿ. ನೀವಾಗಿ ಏರಿಸಬೇಡಿ, ಇಳಿಸಲೂಬೇಡಿ.

ಆದರೆ ನಿಮ್ಮ ಅನುಮಾನಕ್ಕೆ ಕಾರಣ ಇದೆ. ಮಿದುಳಿಗೆ ಗಾಬಾ ಅಂತ ಒಂದು ಬ್ರೇಕ್ ಇದೆ. ಕ್ಲೋನಾಜೆಪಾಮ್, ಆಲ್ಪ್ರಜೋಲಾಮ್ ಆ ಬ್ರೇಕನ್ನು ಒತ್ತುತ್ತವೆ. ವರ್ಷಗಟ್ಟಲೆ ಒತ್ತಿದರೆ ಮಿದುಳು ಅದಕ್ಕೇ ಒಗ್ಗಿಹೋಗುತ್ತದೆ. ಇಳಿಸುವಾಗ ಬ್ರೇಕ್ ಸಡಿಲ ಇರುತ್ತದೆ. ಸಿಪ್ರೊಫ್ಲಾಕ್ಸಾಸಿನ್ ಜಾತಿಯ ಆಂಟಿಬಯಾಟಿಕ್‌ಗಳು ಅದೇ ಜಾಗದಲ್ಲಿ ಉಲ್ಟಾ ಕೆಲಸ ಮಾಡಬಲ್ಲವು. ಕೆಲವು ನೋವಿನ ಮಾತ್ರೆಗಳು ಜೊತೆ ಸೇರಿದರೆ ಅದು ಇನ್ನೂ ಜಾಸ್ತಿ ಆಗಬಹುದು. ನಿದ್ದೆಗೇಡು, ಗಾಬರಿ, ಫಿಟ್ಸ್ ಎಚ್ಚರಿಕೆ ಆ ಔಷಧಿಯ ಮಾಹಿತಿ ಚೀಟಿಯಲ್ಲೇ ಇದೆ. ಉರಿಮೂತ್ರಕ್ಕೆ ನೈಟ್ರೊಫ್ಯುರಾಂಟೊಯಿನ್ ಥರ ಬೇರೆ ಔಷಧಿಗಳೂ ಇವೆ. ನೀವು ಹೇಳಿದ್ದರೆ ಆ ಡಾಕ್ಟರು ಯೋಚನೆ ಮಾಡುತ್ತಿದ್ದರೋ ಏನೋ.

ಮುಂದಕ್ಕೂ ಬೇಕಾಗುತ್ತದೆ ಅಂತ ಹೇಳುತ್ತೇನೆ. ಟ್ರಮಡಾಲ್ ಇರುವ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ ಈ ಮಾತ್ರೆ ಜೊತೆ ಸೇರಿದರೆ ಉಸಿರಾಟವೇ ನಿಧಾನ ಆಗಬಹುದು. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್ ಕ್ಲೋನಾಜೆಪಾಮ್ ಪ್ರಮಾಣವನ್ನು ರಕ್ತದಲ್ಲಿ ಇಳಿಸುತ್ತದೆ. ಆಲ್ಪ್ರಜೋಲಾಮ್ ತಗೊಳ್ಳುವವರು ಫಂಗಸ್ಸಿಗೆ ಕೊಡುವ ಇಟ್ರಾಕೊನಜೋಲ್ ನುಂಗಿದರೆ ರಕ್ತದಲ್ಲಿ ಆಲ್ಪ್ರಜೋಲಾಮ್ ಏರುತ್ತದೆ, ಇಟ್ರಾಕೊನಜೋಲ್ ಕೋರ್ಸ್ ಮುಗಿದಾಗ ಇಳಿಯುತ್ತದೆ. ಡೋಸ್ ಮುಟ್ಟದೇ ಇದ್ದರೂ ಮೈಗೆ ಏರಿಸಿ ಇಳಿಸಿದ ಹಾಗೆ.

ಹಳೇ ಚೀಟಿ ವಿಷಯ ಓದಿ ಬೇಜಾರಾಯಿತು. 2014ರ ಮಾರ್ಚ್ 1ರಿಂದ ಆಲ್ಪ್ರಜೋಲಾಮ್ ಔಷಧಿ ಕಾನೂನಿನ ಎಚ್1 ಪಟ್ಟಿಯಲ್ಲಿದೆ. ಕೊಟ್ಟಿದ್ದನ್ನು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ನಮ್ಮವರೇ ಮಾಡುವ ತಪ್ಪು ಇದು. ನಿಮ್ಮ ನಾಲ್ಕು ವರ್ಷದಲ್ಲಿ ನಮ್ಮ ಪಾಲೂ ಇದೆ.

ಬೆಣ್ಣೆದೋಸೆ_ಊರಿನವನು

ಅಕ್ಕಾ, ಹೋಗಿಲ್ಲ. ಹನ್ನೊಂದು ತಿಂಗಳು ಎಲ್ಲೂ ಹೋಗಿಲ್ಲ.

ನಾನು ಏಳು ವರ್ಷ ಕ್ಲೋನಾಜೆಪಾಮ್ ತಗೊಂಡವನು. ಪೂರ್ತಿ ಬಿಟ್ಟಿದ್ದು 2024ರಲ್ಲಿ. ನನಗೂ ಎಸಿಟಾಲೋಪ್ರಾಮ್ ಇತ್ತು. ನಡುವೆ ಅವಸರ ಆಗಿ ಎರಡನ್ನೂ ಒಟ್ಟಿಗೆ ಇಳಿಸೋಕೆ ಹೋದೆ. ತಲೆ ತಿರುಗಿಸಿದರೆ ಸಾಕು, ಒಳಗೆ ಕರೆಂಟ್ ಹೊಡೆದ ಹಾಗೆ ಝುಂ ಅನ್ನುತ್ತಿತ್ತು. ಅದು ಯಾವ ಮಾತ್ರೆದು ಅಂತ ನನಗೂ ಗೊತ್ತಾಗಲಿಲ್ಲ, ಡಾಕ್ಟರಿಗೂ ಗೊತ್ತಾಗಲಿಲ್ಲ. ಅವರು ಬೈದರು. ಎಸಿಟಾಲೋಪ್ರಾಮ್ ಮತ್ತೆ ಶುರು ಮಾಡಿಸಿ, ಇದು ಅಲ್ಲಾಡದೆ ಇರಲಿ, ಮೊದಲು ಒಂದನ್ನು ಮುಗಿಸು ಅಂದರು. ಆಮೇಲೆ ಗೋಡೆ ಕ್ಯಾಲೆಂಡರ್ ಮೇಲೆ ದಿನಾ ಬರೆದೆ: ಎಷ್ಟು ತಗೊಂಡೆ, ಎಷ್ಟು ಹೊತ್ತು ಮಲಗಿದೆ, ಹೊಸದಾಗಿ ಏನು ಬಾಯಿಗೆ ಹಾಕಿದೆ. ನೆಗಡಿ ಮಾತ್ರೆ ನುಂಗಿದರೂ ಬರೆದೆ. ಮೂರು ತಿಂಗಳಾದ ಮೇಲೆ ನೋಡಿದರೆ, ನನ್ನ ಕೆಟ್ಟ ದಿನಗಳೆಲ್ಲ ಇಳಿಸಿದ್ದರಿಂದಲೇ ಬಂದದ್ದಲ್ಲ ಅಂತ ಗೊತ್ತಾಯಿತು.

ನಿಮಗೆ ಫಿಟ್ಸ್ ಬಂದರೆ, ಇಲ್ಲದ್ದು ಕಂಡರೆ, ದಿಕ್ಕು ತೋಚದ ಹಾಗಾದರೆ ಇಲ್ಲಿ ಬರೆಯುತ್ತಾ ಕೂರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಬದುಕೇ ಬೇಡ ಅನ್ನಿಸಿದರೆ ಮಗಳನ್ನು ಎಬ್ಬಿಸಿ. 14416 ಟೆಲಿಮಾನಸ್ ಇದೆ, ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಯಾವ ಹೊತ್ತಿಗಾದರೂ ಎತ್ತುತ್ತಾರೆ. ನಾನು ರಾತ್ರಿ ಎರಡು ಗಂಟೆಗೆ ಮಾಡಿದ್ದೆ. ಕನ್ನಡದಲ್ಲೇ ಮಾತಾಡಿದರು. ಬೆಳಗಾಗುವ ತನಕ ಅಷ್ಟೇ ಸಾಕಾಯಿತು ನನಗೆ.

ತುಂಗೆಯ_ದಡ

ಎದೆ ಡವಡವಕ್ಕೆ ಒಂದು ಸಲ ಥೈರಾಯ್ಡ್ ಟೆಸ್ಟ್ ಮಾಡಿಸಿ ಟೀಚರ್. ಆಲ್ಪ್ರಜೋಲಾಮ್ ಬಿಡುವಾಗ ನಾನು 8 ಕೆಜಿ ಇಳಿದಿದ್ದೆ. ಥೈರಾಕ್ಸಿನ್ ಮಾತ್ರ ಹಳೇ ಡೋಸೇ ನಡೆಯುತ್ತಿತ್ತು. ನಡುಕ, ಬೆವರು, ನಿದ್ದೆ ಇಲ್ಲದ್ದು ಎಲ್ಲಾ ಮಾತ್ರೆ ಬಿಟ್ಟಿದ್ದಕ್ಕೇ ಅಂದುಕೊಂಡು ಎರಡು ತಿಂಗಳು ಸುಮ್ನೆ ಅನುಭವಿಸಿದೆ. ಅರ್ಧಕ್ಕರ್ಧ ಥೈರಾಕ್ಸಿನ್ ಜಾಸ್ತಿ ಆಗಿದ್ದರಿಂದ ಇತ್ತು.

ಹಾಸನದ_ಟೀಚರ್

ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ಸಂಜೆ ಡಾಕ್ಟರಿಗೆ ಫೋನ್ ಮಾಡಿದೆ. 0.5ಕ್ಕೆ ಹೋಗೋದು ಬೇಡ, ನಾಲ್ಕು ವಾರ 0.375ರಲ್ಲೇ ನಿಲ್ಲೋಣ, ಈ ತಿಂಗಳ ಇಳಿಕೆ ಬಿಟ್ಟುಬಿಡಿ ಅಂದರು. ಎಸಿಟಾಲೋಪ್ರಾಮ್ ಹಾಗೇ ಇರಲಿ ಅಂದರು. ಥೈರಾಯ್ಡ್ ವಿಷಯ ನಾನೇ ಎತ್ತಿದೆ, ಮಾಡಿಸಿ ಅಂದರು. ಬೆಳಿಗ್ಗೆ ರಕ್ತ ಕೊಟ್ಟು ಶಾಲೆಗೆ ಹೋದೆ.

ಕ್ಲಿನಿಕ್ಕಿನ ಡಾಕ್ಟರ ಹತ್ತಿರವೂ ಹೋಗಿ ಹೇಳಿ ಬಂದೆ. ಅವರು ನನ್ನ ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆದುಕೊಂಡರು, ಇನ್ನೇನೂ ಅನ್ನಲಿಲ್ಲ. ಮಗಳು ಒಂದು ರಟ್ಟಿನ ಕಾರ್ಡ್ ಮಾಡಿಕೊಟ್ಟಿದ್ದಾಳೆ: ನಾಲ್ಕೂ ಮಾತ್ರೆ, ಡೋಸ್, "ಕ್ಲೋನಾಜೆಪಾಮ್ ನಿಧಾನವಾಗಿ ಇಳಿಸುತ್ತಿದ್ದಾರೆ" ಅಂತ. ಪರ್ಸಿನಲ್ಲಿ ಆಧಾರ್ ಹಿಂದೆ ಇಟ್ಟಿದ್ದೇನೆ.

ನಿನ್ನೆ ರಾತ್ರಿ ಹನ್ನೊಂದೂವರೆಯಿಂದ ನಾಲ್ಕರ ತನಕ ನಿದ್ದೆ ಬಂತು. ಕ್ಯಾಲೆಂಡರ್ ಮೇಲೆ ಬರೆದೆ. ರಿಪೋರ್ಟ್ ಬಂದ ಮೇಲೆ ಇಲ್ಲೇ ಹಾಕುತ್ತೇನೆ.