ಗ್ರಿಡ್‌ನ ಪದರಗಳನ್ನು ಒಗ್ಗೂಡಿಸಿದರೆ ನೀರು ತಡವಾಗಿ ಬರುವುದೇಕೆ?

ಪ್ರಶ್ನೆ – ಭೂವಿಜ್ಞಾನ ವಿದ್ಯಾರ್ಥಿನಿ

ಉತ್ತರ ಸಮುದ್ರದಲ್ಲಿ ನಾರ್ವೆಗೆ ಸೇರಿದ ವೋಲ್ವ್ ತೈಲಕ್ಷೇತ್ರದ ದತ್ತಾಂಶವನ್ನು ಈಕ್ವಿನಾರ್ ಸಂಸ್ಥೆ 2018ರಲ್ಲಿ ಬಹಿರಂಗಪಡಿಸಿದ್ದು, ಅದನ್ನು ಬಳಸಿ ಅಲ್ಲಿನ ಹ್ಯೂಗಿನ್ ಮರಳುಶಿಲೆಯ ಮೂರು ಆಯಾಮಗಳ ಕಂಪ್ಯೂಟರ್ ಮಾದರಿಯನ್ನು (ಶಿಲೆಯನ್ನು ಸಣ್ಣ ಕೋಶಗಳ ಗ್ರಿಡ್ ಆಗಿ ವಿಂಗಡಿಸಿದ್ದು) ಅಭ್ಯಾಸಕ್ಕಾಗಿ ಕಟ್ಟುತ್ತಿದ್ದೇನೆ. ಲೆಕ್ಕಾಚಾರ ತೀರಾ ನಿಧಾನವಾದ್ದರಿಂದ ಅರ್ಧ ಮೀಟರ್ ದಪ್ಪದ ಹತ್ತು ಹತ್ತು ಪದರಗಳನ್ನು ಐದು ಮೀಟರಿನ ಒಂದೊಂದು ಕೋಶವಾಗಿ ಸೇರಿಸಿದೆ. ಒಟ್ಟು ತೈಲದ ಪ್ರಮಾಣ ಬದಲಾಗಲಿಲ್ಲ. ಆದರೆ ತೈಲವನ್ನು ತಳ್ಳಲು ಒಳಕ್ಕೆ ಹರಿಸಿದ ನೀರು ಉತ್ಪಾದನಾ ಬಾವಿಯನ್ನು ಮೊದಲಿಗಿಂತ ಬಹಳ ತಡವಾಗಿ ತಲುಪುತ್ತಿದೆ. ಎಲ್ಲಿ ತಪ್ಪಿದ್ದೇನೆ?

ಉತ್ತರ 1

ಒಂಬತ್ತು ಪದರಗಳ ಪಾರಗಮ್ಯತೆ (ದ್ರವವನ್ನು ಹರಿಯಗೊಡುವ ಗುಣ) ತಲಾ 10 ಮಿಲಿಡಾರ್ಸಿ (ಅದರ ಅಳತೆಮಾನ), ಹತ್ತನೆಯದರದು 1000 ಎಂದಿಟ್ಟುಕೊಳ್ಳಿ. ಸರಾಸರಿ 109 ಬರುತ್ತದೆ, ಪದರಗುಂಟ ಹರಿಯುವ ಒಟ್ಟು ಪ್ರಮಾಣಕ್ಕೆ ಅದು ಸರಿಯೂ ಹೌದು. ಆದರೆ ನಿಜವಾದ ಶಿಲೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರು ಆ ಅರ್ಧ ಮೀಟರಿನಲ್ಲೇ ನುಗ್ಗಿ ಬಾವಿ ಸೇರುತ್ತದೆ. ನಿಮ್ಮ ಕೋಶದಲ್ಲಾದರೋ ಅದು ಐದು ಮೀಟರಿನುದ್ದಕ್ಕೂ ಸಮನಾಗಿ ಹರಡಿಕೊಂಡು ಸಾಗಬೇಕು. ತಡವಾಗುವುದು ಇದರಿಂದಲೇ.

ಮೇಲಿಂದ ಕೆಳಕ್ಕೆ ಹರಿಯುವಾಗ ಲೆಕ್ಕವೇ ಬೇರೆ, ಅಲ್ಲಿ ಚಿಕ್ಕ ಮೌಲ್ಯಗಳಿಗೇ ಹೆಚ್ಚು ತೂಕ ಕೊಡುವ ಹರಾತ್ಮಕ ಸರಾಸರಿ ಬೇಕು. 100 ಮಿಲಿಡಾರ್ಸಿಯ ಒಂಬತ್ತು ಪದರಗಳ ನಡುವೆ 0.001ರ ಒಂದೇ ಒಂದು ಜೇಡಿಶಿಲೆಯ ಪದರವಿದ್ದರೂ ಇಡೀ ಕೋಶದ ಮೌಲ್ಯ ಸುಮಾರು 0.01ಕ್ಕೆ ಇಳಿದುಬಿಡುತ್ತದೆ.

ಉತ್ತರ 2

ಮೇಲಿನ ಮಾತಿಗೆ ನಮ್ಮಲ್ಲೇ ಉದಾಹರಣೆಯಿದೆ. ಅರಬ್ಬೀ ಸಮುದ್ರದಲ್ಲಿ 1974ರಲ್ಲಿ ಪತ್ತೆಯಾದ ಮುಂಬೈ ಹೈ ತೈಲಕ್ಷೇತ್ರದ ಮುಖ್ಯ ತೈಲಾಗಾರವಾದ ಎಲ್-3 ಒಂದೇ ದಪ್ಪ ಸುಣ್ಣಕಲ್ಲಲ್ಲ. ತೆಳುವಾದ ಜೇಡಿಶಿಲೆಗಳು ಅದನ್ನು ಹಲವು ಪದರಗಳಾಗಿ ಬೇರ್ಪಡಿಸಿವೆ. ಅಂಥಲ್ಲಿ ಎಣಿಕೆಯ ಪ್ರಕಾರ ಹತ್ತಕ್ಕೊಂದರಂತೆ ಪದರ ಸೇರಿಸಿದರೆ ತಡೆಯೂ ದಾರಿಯೂ ಒಟ್ಟಿಗೇ ಅಳಿಸಿಹೋಗುತ್ತವೆ. ಮೊದಲು ಕೋರ್ (ಬಾವಿಯಿಂದ ತೆಗೆದ ಶಿಲೆಯ ಮಾದರಿ) ಮತ್ತು ಲಾಗ್ (ಬಾವಿಯೊಳಗೆ ಉಪಕರಣ ಇಳಿಸಿ ಪಡೆದ ಅಳತೆಗಳು) ನೋಡಿ ಹರಿವಿನ ಘಟಕಗಳ, ಅಂದರೆ ದ್ರವ ಒಂದೇ ರೀತಿ ಹರಿಯುವ ಪದರಗುಂಪುಗಳ, ಗಡಿ ಗುರುತಿಸಿ, ಆ ಗಡಿ ದಾಟದಂತೆ ಪದರಗಳನ್ನು ಕೂಡಿಸಿರಿ. ಪಾರಗಮ್ಯತೆಯನ್ನು ಕ್ರಿಗಿಂಗ್‌ನಿಂದ (ಬಾವಿಗಳಲ್ಲಿನ ಅಳತೆಗಳಿಂದ ನಡುವಿನ ಮೌಲ್ಯಗಳನ್ನು ಅಂದಾಜಿಸುವ ಸಂಖ್ಯಾಶಾಸ್ತ್ರೀಯ ವಿಧಾನ) ತುಂಬಿದ್ದರೆ ಅದನ್ನೂ ಮರುಪರಿಶೀಲಿಸಿ, ಏಕೆಂದರೆ ಆ ವಿಧಾನವು ಬಾವಿಗಳ ನಡುವಿನ ಏರಿಳಿತಗಳನ್ನು ನಯಗೊಳಿಸಿಬಿಡುತ್ತದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಹೆಚ್ಚು ಪಾರಗಮ್ಯತೆಯ ಎರಡು ಪದರಗಳನ್ನು ಪ್ರತ್ಯೇಕವಾಗಿಯೇ ಉಳಿಸಿ, ಮಿಕ್ಕವನ್ನು ಮಾತ್ರ ಕೂಡಿಸಿದಾಗ ನೀರು ಬರುವ ಕಾಲ ಮೊದಲಿನ ಮಾದರಿಗೆ ಬಹುಪಾಲು ಹೊಂದಿಕೊಂಡಿತು. ಅವುಗಳಲ್ಲಿ ಒಂದು ಪದರವು ಪಕ್ಕದ ಬಾವಿಯ ಲಾಗ್‌ನಲ್ಲಿ ಕಾಣುತ್ತಿಲ್ಲ. ಅದು ನಡುವೆ ಎಲ್ಲಿ ಮುಗಿಯುತ್ತದೆಂಬುದನ್ನು ಒಂದೇ ಮಾದರಿಯಲ್ಲಿ ನಿರ್ಧರಿಸದೆ, ಬೇರೆ ಬೇರೆ ಉದ್ದಗಳನ್ನಿಟ್ಟು ಹಲವು ಮಾದರಿಗಳನ್ನು ಓಡಿಸುತ್ತಿದ್ದೇನೆ.